ಬೆಂಗಳೂರಲ್ಲಿ ಕೆಲಸ, ಬಂಗಾರಪೇಟೆ ಕಡೆ ಮನೆ: ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ನೋಡಿ

ಬಂಗಾರಪೇಟೆ: "ಅಣ್ಣಾ, ಈ ಕಡೆ ಎಲ್ಲಾದ್ರೂ ಸಣ್ಣ ಮನೆ, ಹಿಂದೆ ಒಂದಿಷ್ಟು ಜಾಗ ಇರೋ ಥರದ್ದು ಸಿಗುತ್ತಾ?" ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಟೀ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ ಈಗ ಈ ಪ್ರಶ್ನೆ ಮಾಮೂಲು. ಕೇಳೋರು ಎರಡು ಥರ. ಬೆಂಗಳೂರಿನ ಬಾಡಿಗೆ ಕಟ್ಟಿ ಸಾಕಾದ ಹೊರಗಿನವರು ಒಂದು. ಇಲ್ಲೇ ಹುಟ್ಟಿ, ದಿನಾ ರೈಲು ಹತ್ತಿ ಕೆಲಸಕ್ಕೆ ಹೋಗ್ತಾ, ಅಣ್ಣತಮ್ಮಂದಿರಿಂದ ಬೇರೆಯಾಗಿ ಸ್ವಂತ ಸೂರು ಹುಡುಕ್ತಿರೋ ನಮ್ಮ ಊರಿನ ಹುಡುಗರು ಇನ್ನೊಂದು.

ಇಬ್ಬರ ಕೈಲೂ ಇರೋದು ಒಂದೇ ಸಲದ ಉಳಿತಾಯ. ಪಿಎಫ್ ದುಡ್ಡು, ಚೀಟಿ ದುಡ್ಡು, ಹೆಂಡತಿಯ ಒಡವೆ. ಅದನ್ನ ತಪ್ಪು ಕಾಗದದ ಮೇಲೆ ಹಾಕಿದರೆ ಎರಡನೇ ಸಲ ಕೂಡಿಸೋಕೆ ಆಯಸ್ಸು ಸಾಲಲ್ಲ. ಹಾಗಾಗಿ ಕೊಳ್ಳೋರು ಮಾತ್ರ ಅಲ್ಲ, ಮಾರೋರು, ನಡುವೆ ನಿಂತು ಮಾತಾಡಿಸೋ ಅಂಗಡಿಯವರೂ ಇದನ್ನ ತಿಳ್ಕೊಂಡಿರಬೇಕು.

ಮೊದಲು ದಾರಿ, ಆಮೇಲೆ ಜಾಗ

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಜನಕ್ಕೆ ಬೆಂಗಳೂರಿನ ರೈಲೇ ಅನ್ನದ ದಾರಿ. ಮಾರಿಕುಪ್ಪಂ ಕಡೆಯಿಂದ ಬರೋ ಬೆಳಗಿನ ಗಾಡಿ ಬಂಗಾರಪೇಟೆಗೆ ಬರೋ ಹೊತ್ತಿಗೇ ತುಂಬಿರುತ್ತೆ. ಬಂಗಾರಪೇಟೆಯಿಂದ ಬೆಂಗಳೂರು ಸಿಟಿ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು 70 ಕಿ.ಮೀ., ಮಾಲೂರಿನಿಂದ 43 ಕಿ.ಮೀ. ಆಸುಪಾಸು.

ಲೆಕ್ಕ ಹಾಕಬೇಕಾದ್ದು ಕಿಲೋಮೀಟರ್ ಅಲ್ಲ, ಗಂಟೆ. ಮನೆಯಿಂದ ಸ್ಟೇಷನ್, ರೈಲು, ಅಲ್ಲಿಂದ ಕೆಲಸದ ಜಾಗ, ಎಲ್ಲಾ ಸೇರಿ ಒಂದು ಕಡೆಗೆ ಎರಡು ಗಂಟೆ ಅಂದ್ಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ 25 ದಿನ ಅಂದ್ರೆ 100 ಗಂಟೆ ದಾರಿಯಲ್ಲೇ ಹೋಯ್ತು. ಕೆಲಸ ವೈಟ್‌ಫೀಲ್ಡ್ ಕಡೆ ಇದ್ದರೆ ಮಾತೇ ಬೇರೆ. ವೈಟ್‌ಫೀಲ್ಡ್ ರೈಲ್ವೆ ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಇದೆ. 2023ರಿಂದ ನೇರಳೆ ಮಾರ್ಗ ಅಲ್ಲಿಂದ ಊರೊಳಕ್ಕೆ ಹೋಗುತ್ತೆ. ಅದೇ ಕೆಲಸ ಪೀಣ್ಯದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇದ್ದರೆ ಈ ಕಡೆ ಮನೆ ಮಾಡೋ ಮುಂಚೆ ಹತ್ತು ಸಲ ಯೋಚಿಸಿ.

ಹೊಸಕೋಟೆಯಿಂದ ಬೇತಮಂಗಲದವರೆಗಿನ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರು ಇರೋರಿಗೆ ಹಾದಿ ಸಲೀಸಾಗಿದೆ. ಆದ್ರೆ ಅದರಲ್ಲಿ ಬೈಕ್, ಆಟೋಗೆ ಪ್ರವೇಶವಿಲ್ಲ. ಹೊಸಕೋಟೆ ದಾಟಿದ ಮೇಲೆ ಹಳೇ ಟ್ರಾಫಿಕ್ ಇದ್ದಿದ್ದೇ. "ಎಕ್ಸ್‌ಪ್ರೆಸ್‌ವೇಯಿಂದ ಐದೇ ನಿಮಿಷ" ಅಂತ ಬೋರ್ಡ್ ಹಾಕಿದ್ದರೆ, ಹತ್ತೋ ಇಳಿಯೋ ಜಾಗ ಎಷ್ಟು ದೂರ ಅಂತ ಕೇಳಿ. ರಸ್ತೆ ಕಣ್ಣಿಗೆ ಕಂಡ ಮಾತ್ರಕ್ಕೆ ಅದರ ಮೇಲೆ ಹೋಗೋಕಾಗಲ್ಲ.

ಒಂದು ಸುಲಭ ಪರೀಕ್ಷೆ ಇದೆ. ಅಡ್ವಾನ್ಸ್ ಕೊಡೋ ಮುಂಚೆ ಒಂದು ವಾರ ಆ ಊರಿನಿಂದಲೇ ಕೆಲಸಕ್ಕೆ ಹೋಗಿ ಬನ್ನಿ. ಒಂದು ದಿನ ಬೇಕಂತಲೇ ರೈಲು ತಪ್ಪಿಸಿಕೊಂಡು, ರಾತ್ರಿ ಹೇಗೆ ವಾಪಸ್ ಬರ್ತೀರಿ ನೋಡಿ.

ಅಗ್ಗದ ಸೈಟು ಯಾಕೆ ಅಗ್ಗ?

ನಮ್ಮ ಕಡೆ ಮಾರಾಟಕ್ಕಿರೋದನ್ನ ಮೂರು ಥರ ಅಂತ ವಿಂಗಡಿಸಬಹುದು.

ಮೊದಲನೆಯದು, ಭೂಪರಿವರ್ತನೆ ಆಗಿ, ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರಾದ ಲೇಔಟ್ ಸೈಟು. ಬೆಲೆ ಜಾಸ್ತಿ, ಬ್ಯಾಂಕ್ ಸಾಲ ಸಿಗುತ್ತೆ. ಲೇಔಟ್ 500 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ರೇರಾ ನೋಂದಣಿ ಇರಲೇಬೇಕು. ಆ ನಂಬರನ್ನ ರೇರಾ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಬಹುದು.

ಎರಡನೆಯದು ರೆವಿನ್ಯೂ ಸೈಟು. ಹೊಲಕ್ಕೆ ಜೆಸಿಬಿ ಬಿಟ್ಟು, ಕಲ್ಲು ನೆಟ್ಟು, 30x40 ಅಂತ ಮಾರೋದು. ಕಾಗದದಲ್ಲಿ ಅದು ಇನ್ನೂ ರಾಗಿ ಹೊಲವೇ. ಒಂದು ಗುಂಟೆ ಅಂದ್ರೆ 1,089 ಚದರ ಅಡಿ. 30x40 ಅಂದ್ರೆ 1,200. ಅಂದ್ರೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ ಹೊಲವನ್ನ ನಿಮಗೆ ಮನೆ ನಿವೇಶನ ಅಂತ ಕೊಡ್ತಿದ್ದಾರೆ. ಸರ್ವೆ ನಂಬರಿನ ಒಂದು ಭಾಗ ನೋಂದಣಿ ಆಗಬೇಕಾದರೆ 11ಇ ನಕ್ಷೆ ಬೇಕು, ಅದು ಇರಲ್ಲ. ಅದಕ್ಕೇ "ಜಿಪಿಎ ಮಾಡ್ಕೊಡ್ತೀವಿ, ಅಗ್ರಿಮೆಂಟ್ ಮಾಡ್ಕೊಡ್ತೀವಿ" ಅನ್ನೋ ಮಾತು ಬರುತ್ತೆ. ಜಿಪಿಎ ಮೇಲಿನ ಮಾರಾಟದಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ದುಡ್ಡು ಪೂರ್ತಿ ಕೊಟ್ಟು, ಹತ್ತು ವರ್ಷ ಕಂದಾಯ ಕಟ್ಟಿದರೂ ಜಾಗ ನಿಮ್ಮದಾಗಿರಲ್ಲ.

ಮೂರನೆಯದನ್ನ ಹೆಚ್ಚಿನವರು ನೋಡೋದೇ ಇಲ್ಲ. ಗ್ರಾಮಠಾಣಾ ಒಳಗಿನ ಹಳೇ ಹೆಂಚಿನ ಮನೆ, ಹಿತ್ತಲು ಸಮೇತ. ಮಕ್ಕಳು ಬೆಂಗಳೂರು ಸೇರಿ ಬೀಗ ಬಿದ್ದಿರೋ ಇಂಥ ಮನೆಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಗ್ರಾಮಠಾಣಾ ಅಂದ್ರೆ ಮೊದಲಿಂದಲೂ ವಾಸದ ಜಾಗ, ಭೂಪರಿವರ್ತನೆಯ ತಾಪತ್ರಯ ಇಲ್ಲ. ಕರೆಂಟು, ರಸ್ತೆ, ಪಂಚಾಯ್ತಿ ನಲ್ಲಿ ಆಗಲೇ ಇರುತ್ತೆ. ನಾಲ್ಕು ತೆಂಗು, ಒಂದು ನುಗ್ಗೆ, ಒಂದು ಹಸು ಕಟ್ಟೋಷ್ಟು ಜಾಗ ಬೇಕು ಅನ್ನೋರಿಗೆ ಲೇಔಟಿಗಿಂತ ಇದೇ ಮೇಲು.

ಇದರ ತೊಡಕು ಬೇರೆ ಥರದ್ದು. ಮನೆ ತಾತನ ಹೆಸರಲ್ಲೇ ಇರುತ್ತೆ, ವಿಭಾಗ ಆಗಿರಲ್ಲ. ವಂಶವೃಕ್ಷ ತೆಗೆಸಿ, ಅದರಲ್ಲಿರೋ ಎಲ್ಲಾ ವಾರಸುದಾರರ ಸಹಿ ಹಾಕಿಸಿಕೊಳ್ಳಿ. "ಹೆಣ್ಮಕ್ಕಳಿಗೆ ಆಗಲೇ ಮದುವೆ ಮಾಡಿ ಕೊಟ್ಟಾಯ್ತು, ಅವರದೇನೂ ಇಲ್ಲ" ಅನ್ನೋ ಮಾತು ಕೇಳಬೇಡಿ. 2005ರ ತಿದ್ದುಪಡಿ ಆದ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅಕ್ಕ ಮುಳಬಾಗಿಲಲ್ಲಿರಲಿ, ಕುಪ್ಪಂನಲ್ಲಿರಲಿ, ಅವರು ಬಂದು ಸಹಿ ಹಾಕಲೇಬೇಕು.

ನೋಡಬೇಕಾದ ಕಾಗದಗಳು

ಹೊಲದ ಜಾಗ ಆದರೆ ಪಹಣಿ ಮತ್ತು ಮ್ಯುಟೇಷನ್ ನೋಡಿ. 'ದಿಶಾಂಕ್' ಆ್ಯಪ್ ಹಾಕ್ಕೊಂಡು ಜಾಗದ ಮೇಲೆ ನಿಂತರೆ ಯಾವ ಸರ್ವೆ ನಂಬರ್ ಅಂತ ತೋರಿಸುತ್ತೆ. ತೋರಿಸಿದ ಜಾಗ ಒಂದು, ಕಾಗದದ ಜಾಗ ಇನ್ನೊಂದು ಆಗಿದ್ದರೆ ಅಲ್ಲೇ ಗೊತ್ತಾಗುತ್ತೆ. ಗೋಮಾಳ, ಕೆರೆ ಅಂಗಳ, ರಾಜಕಾಲುವೆ, ಅರಣ್ಯದ ಅಂಚು ನಮ್ಮ ಜಿಲ್ಲೆಯಲ್ಲಿ ಬಹಳ. ತಾಲ್ಲೂಕು ಕಚೇರಿಯಲ್ಲಿ ಹಳೇ ದಾಖಲೆ ನೋಡಿಸಿ.

ಪಂಚಾಯ್ತಿ ವ್ಯಾಪ್ತಿಯ ಮನೆ, ನಿವೇಶನಕ್ಕೆ ಇ-ಸ್ವತ್ತು. ನಮೂನೆ 9 ಮತ್ತು 11ಎ ಇದ್ದರೆ ಸರಿ. 11ಬಿ ಅಂದ್ರೆ ಎಚ್ಚರ. ಅದೂ, ಪುರಸಭೆಯ ಬಿ ಖಾತೆಯೂ ತೆರಿಗೆ ವಸೂಲಿಗೆ ಮಾಡ್ಕೊಂಡ ಲೆಕ್ಕ ಅಷ್ಟೇ, ಜಾಗ ಸಕ್ರಮ ಆಯ್ತು ಅನ್ನೋದಕ್ಕೆ ಸಾಕ್ಷಿಯಲ್ಲ.

ಋಣಭಾರ ಪತ್ರ, ಅಂದ್ರೆ ಇಸಿ, 30 ವರ್ಷದ್ದು ತೆಗೆಸಿ. ಇತ್ತೀಚಿನ ವರ್ಷಗಳದ್ದು 'ಕಾವೇರಿ' ಪೋರ್ಟಲ್‌ನಲ್ಲೇ ಸಿಗುತ್ತೆ. ಮೇಲೆ ಸಾಲ ಇದ್ಯಾ, ಮೊದಲೇ ಯಾರಿಗಾದ್ರೂ ಮಾರಿದ್ದಾರಾ ಗೊತ್ತಾಗುತ್ತೆ.

ಇನ್ನೊಂದು ದೊಡ್ಡ ವಿಷಯ ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳೋ ಹಾಗಿಲ್ಲ, 1978ರ ಕಾಯ್ದೆ. ಅದನ್ನ ವಾಪಸ್ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಮೂರು ಕೈ ಬದಲಾಗಿ ಬಂದಿದ್ದರೂ ಮೂಲ ಮಂಜೂರಾತಿ ಯಾರಿಗೆ ಆಗಿತ್ತು ಅಂತ ನೋಡಲೇಬೇಕು. ಬಡವನ ಜಮೀನನ್ನ ಕಾಪಾಡೋಕೆ ಇರೋ ಕಾಯ್ದೆ ಅದು. ಗೊತ್ತಿಲ್ಲದೆ ಕೊಂಡವನಿಗೂ ಅದರಿಂದ ವಿನಾಯ್ತಿ ಇಲ್ಲ.

ಕೃಷಿಕರಲ್ಲದವರು ಹೊಲ ಕೊಳ್ಳಬಹುದಾ? 2020ರ ತಿದ್ದುಪಡಿ ಆದ ಮೇಲೆ ಕೊಳ್ಳಬಹುದು. ಆದ್ರೆ ಕೊಂಡ ಮಾತ್ರಕ್ಕೆ ಅಲ್ಲಿ ಮನೆ ಕಟ್ಟೋ ಹಾಗಿಲ್ಲ. ಎರಡೂ ಬೇರೆ ಬೇರೆ.

ನೀರು ನೋಡದೆ ನೆಲ ನೋಡಬೇಡಿ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯೋ ಹೊಳೆ ಇಲ್ಲ. ಸಾವಿರ ಅಡಿ ಕೊರೆದರೂ ಬರೀ ಧೂಳು ಬಂದ ಬೋರ್‌ವೆಲ್‌ಗಳು ಪ್ರತಿ ಊರಲ್ಲೂ ಇವೆ. ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರ್ತಿದೆ ನಿಜ. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ತುಂಬಿಸೋಕೆ, ಕುಡಿಯೋಕಲ್ಲ. ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇರೋ ಊರುಗಳೂ ಇವೆ.

ಹಾಗಾಗಿ ಅಕ್ಕಪಕ್ಕದ ಮನೆಯವರನ್ನ ಕೇಳಿ: ಪಂಚಾಯ್ತಿ ನೀರು ವಾರಕ್ಕೆ ಎಷ್ಟು ಸಲ? ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸ್ತೀರಾ? ಜಾಗ ನೋಡೋಕೆ ಬೇಸಿಗೆಯಲ್ಲೇ ಹೋಗಿ. ದೀಪಾವಳಿ ಟೈಮಲ್ಲಿ ಯಾವ ಊರಾದರೂ ಹಸಿರಾಗೇ ಕಾಣುತ್ತೆ. ಹೊಸ ಬೋರ್ ಕೊರೆಸೋಕೆ ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು ಅನ್ನೋದೂ ನೆನಪಿರಲಿ.

ಬೆಲೆಯ ಮೇಲೊಂದು ಬೆಲೆ

20 ಲಕ್ಷ ಕೈಲಿದೆ ಅಂತ 20 ಲಕ್ಷದ ಮನೆ ಮಾತಾಡಬೇಡಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಎಲ್ಲಾ ಸೇರಿ ಶೇ 7.6ರ ಆಸುಪಾಸು, ಅಂದ್ರೆ 20 ಲಕ್ಷಕ್ಕೆ ಒಂದೂವರೆ ಲಕ್ಷ. ಮಾರ್ಗಸೂಚಿ ದರ, ನೀವು ಕೊಟ್ಟ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ. ವಕೀಲರ ಫೀಸು, ಬ್ರೋಕರ್ ಕಮಿಷನ್, ಹಳೇ ಮನೆಯ ರಿಪೇರಿ ಬೇರೆ. 16 ಲಕ್ಷದ ಮನೆ ಹುಡುಕಿದರೆ ನಿದ್ದೆ ಚೆನ್ನಾಗಿ ಬರುತ್ತೆ.

ಸಾಲ ಬೇಡದಿದ್ದರೂ ಒಂದು ಬ್ಯಾಂಕಿಗೆ ಕಾಗದ ತೋರಿಸಿ ಕೇಳಿ. "ಇದಕ್ಕೆ ಸಾಲ ಕೊಡಲ್ಲ" ಅಂದರೆ ಯಾಕೆ ಅಂತ ತಿಳ್ಕೊಳ್ಳೋವರೆಗೂ ಅಡ್ವಾನ್ಸ್ ಕೊಡಬೇಡಿ.

ಅಂಗಡಿಯವರಿಗೆ ಒಂದು ಮಾತು

ಹೊಸ ಸಂಸಾರ ಬಂದರೆ ಹಾಲು, ದಿನಸಿ, ಹಾರ್ಡ್‌ವೇರ್ ವ್ಯಾಪಾರ ನಮಗೇ. ಒಂದು ಮನೆ ತೋರಿಸಿದ್ದಕ್ಕೆ ಕೈಗೆ ಕಮಿಷನ್ ಬಂದರೂ ತಪ್ಪಿಲ್ಲ. ಆದ್ರೆ ತೋರಿಸೋ ಮುಂಚೆ ಇ-ಸ್ವತ್ತು ಇದ್ಯಾ, ಹೆಣ್ಮಕ್ಕಳು ಒಪ್ಪಿದ್ದಾರಾ ಅಂತ ಎರಡು ಪ್ರಶ್ನೆ ನೀವೂ ಕೇಳಿ. ಲೇಔಟ್‌ನವನು ಬೋರ್ಡ್ ಕಿತ್ಕೊಂಡು ಬೇರೆ ತಾಲ್ಲೂಕಿಗೆ ಹೋಗ್ತಾನೆ. ಮೋಸ ಹೋದವರು ದಿನಾ ಬೆಳಗ್ಗೆ ರೈಲಿಗೆ ಹೋಗೋದು ನಿಮ್ಮ ಅಂಗಡಿ ಮುಂದೆಯೇ.