ಮೆಟಲ್ ತಂಡದ ತಿರುಗಾಟ

ತಿರುಗಾಟಕ್ಕೆ ಹೊರಟ ಮೆಟಲ್ ತಂಡಕ್ಕೆ ಬೆಳಗಾಗುವುದು ಬಸ್ಸಿನಲ್ಲಿ. ಹಿಂದಿನ ರಾತ್ರಿ ಹ್ಯಾಂಬರ್ಗಿನಲ್ಲಿ ನುಡಿಸಿ ಮಲಗಿದವರು ಕಣ್ಣು ಬಿಡುವಾಗ ಬಸ್ಸು ಪ್ರಾಗ್‌ನಲ್ಲೋ ಕೋಪನ್‌ಹೇಗನ್ನಿನಲ್ಲೋ ನಿಂತಿರುತ್ತದೆ. ಪರದೆ ಸರಿಸಿದರೆ ಕೋಟೆ, ನದಿ, ಸೇತುವೆ ಯಾವುದೂ ಕಾಣುವುದಿಲ್ಲ. ಕಾಣುವುದು ಸಭಾಂಗಣದ ಹಿಂಬಾಗಿಲು, ಅದರ ಪಕ್ಕದಲ್ಲೊಂದು ಕಸದ ತೊಟ್ಟಿ. ಐದಾರು ವಾರ ಇದೇ ನೋಟ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಕಂಡವರಿಗೆ ಈ ಬದುಕಿನ ಜಾಡು ತೀರಾ ಹೊಸದೆನಿಸದು: ದಿನಕ್ಕೊಂದು ಊರು, ರಾತ್ರಿ ಆಟ, ಆಟ ಮುಗಿದ ಮೇಲೆ ಪೆಟ್ಟಿಗೆ ಕಟ್ಟಿ ಮತ್ತೆ ದಾರಿ.

ಹೆವಿ ಮೆಟಲ್ 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಕೇರಿಗಳಿಂದ ಎದ್ದ ಸಂಗೀತ. ರೇಡಿಯೊ ಕೇಂದ್ರಗಳು ಅದಕ್ಕೆ ಹೆಚ್ಚು ಜಾಗ ಕೊಡಲಿಲ್ಲವಾದ್ದರಿಂದ ಕೇಳುಗರನ್ನು ಊರೂರಿಗೆ ಹೋಗಿಯೇ ಹುಡುಕಬೇಕಾಯಿತು. ಈಗ ಧ್ವನಿಮುದ್ರಿಕೆಯ ಮಾರಾಟ ಕುಸಿದಿದೆ, ಅಂತರ್ಜಾಲದಲ್ಲಿ ಹಾಡು ಕೇಳಿಸಿದರೆ ಸಿಗುವುದು ಪುಡಿಗಾಸು. ಹಾಗಾಗಿ ತಂಡದ ಹೊಟ್ಟೆಪಾಡು ಮತ್ತೆ ರಸ್ತೆಗೇ ಬಂದು ನಿಂತಿದೆ.

ಯುರೋಪಿನಲ್ಲಿ ನೈಟ್‌ಲೈನರ್ ಎಂದು ಕರೆಯುವ ಬಸ್ಸು ಸಾಮಾನ್ಯವಾಗಿ ಎರಡಂತಸ್ತಿನದು. ಕೆಳಗೆ ಪುಟ್ಟ ಅಡುಗೆಕಟ್ಟೆ, ಮೇಜು, ಶೌಚಾಲಯ. ಮೇಲೆ ಹನ್ನೆರಡರಿಂದ ಹದಿನಾರು ಬಂಕುಗಳು. ಒಂದೊಂದು ಬಂಕೂ ಒಬ್ಬನು ಮಗ್ಗುಲು ಬದಲಿಸುವಷ್ಟು ಅಗಲ. ಎದ್ದು ಕೂರುವಷ್ಟು ಎತ್ತರ ಇರುವುದಿಲ್ಲ. ಅದಕ್ಕೊಂದು ಪರದೆ. ಪರದೆ ಎಳೆದಿದ್ದರೆ ಒಳಗಿನವನನ್ನು ಮಾತಾಡಿಸಬಾರದು. ಇಡೀ ತಿರುಗಾಟದಲ್ಲಿ ಏಕಾಂತವೆಂದು ಸಿಗುವುದು ಆ ಪರದೆಯ ಹಿಂದೆ ಮಾತ್ರ. ಮಲಗುವಾಗ ಕಾಲು ಬಸ್ಸಿನ ಮುಂಭಾಗದ ಕಡೆಗಿರಬೇಕು: ಚಾಲಕ ತಟ್ಟನೆ ಬ್ರೇಕ್ ಹಾಕಿದರೆ ಪೆಟ್ಟು ಕಾಲಿಗೆ ಬೀಳಲಿ, ಕುತ್ತಿಗೆಗೆ ಬೇಡ ಎಂಬ ಲೆಕ್ಕ. ಬಸ್ಸಿನ ಶೌಚಾಲಯವನ್ನು ಮೂತ್ರಕ್ಕಷ್ಟೇ ಬಳಸಬೇಕೆಂಬ ಕಟ್ಟಳೆಗೆ ಎಂಥ ದೊಡ್ಡ ತಾರೆಗೂ ವಿನಾಯಿತಿ ಇಲ್ಲ. ವೇದಿಕೆಯ ಮೇಲೆ ನರಕ, ಸೈತಾನ ಎಂದು ಅಬ್ಬರಿಸುವವರು ಬೆಳಗ್ಗೆ ಎದ್ದೊಡನೆ ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ಹುಡುಕುವುದು ಈ ಕಾರಣಕ್ಕೆ.

ಬಸ್ಸಿನಲ್ಲಿ ವಾದ್ಯದವರು ನಾಲ್ಕೈದು ಮಂದಿ. ಉಳಿದವರು ಟೂರ್ ಮ್ಯಾನೇಜರ್, ಸೌಂಡ್ ಎಂಜಿನಿಯರ್, ದೀಪ ನೋಡಿಕೊಳ್ಳುವವರು, ಗಿಟಾರ್‌ಗೆ ತಂತಿ ಕಟ್ಟಿ ಶ್ರುತಿ ಮಾಡುವವರು, ಟೀ ಶರ್ಟ್ ಮಾರುವವರು. ಖರ್ಚು ಹಂಚಿಕೊಳ್ಳಲು ಎರಡು ಮೂರು ತಂಡಗಳು ಒಂದೇ ಬಸ್ಸಿನಲ್ಲಿ ಸಾಗುವುದೂ ಉಂಟು. ಬಸ್ಸಿನ ಬಾಡಿಗೆ ಭರಿಸಲಾರದವರೇ ಹೆಚ್ಚು. ಅವರದು ಒಂದು ವ್ಯಾನು, ಹಿಂದೆ ಸಾಮಾನಿನ ಟ್ರೇಲರ್. ರಾತ್ರಿ ಡ್ರಮ್ ಬಾರಿಸಿದವನೇ ಬೆಳಗ್ಗೆ ಸ್ಟಿಯರಿಂಗ್ ಹಿಡಿಯಬೇಕು. ಮಲಗಲು ಅಗ್ಗದ ಲಾಡ್ಜು, ಅದೂ ಇಲ್ಲದಿದ್ದರೆ ಪರಿಚಯದವರ ಮನೆಯ ನೆಲ.

ಏಣಿಯ ತೀರಾ ಮೇಲಿನ ಮೆಟ್ಟಿಲಲ್ಲಿ ಐರನ್ ಮೇಡನ್ ಇದೆ. ಅದರ ಗಾಯಕ ಬ್ರೂಸ್ ಡಿಕಿನ್ಸನ್ ಪರವಾನಗಿ ಪಡೆದ ವಿಮಾನ ಚಾಲಕ. 2008ರ ಪ್ರವಾಸಕ್ಕೆ ತಂಡ ಒಂದು ಬೋಯಿಂಗ್ 757 ಬಾಡಿಗೆಗೆ ಪಡೆದು, ಅದರ ಹಿಂಭಾಗದ ಆಸನಗಳನ್ನು ತೆಗೆಸಿ, ಜನ ಮತ್ತು ಸರಂಜಾಮು ಎರಡನ್ನೂ ಒಟ್ಟಿಗೆ ಸಾಗಿಸಿತು. ಚಾಲಕರ ಕೋಣೆಯಲ್ಲಿ ಡಿಕಿನ್ಸನ್ ಅವರೇ ಕೂರುತ್ತಿದ್ದರು. ಆ ಪ್ರವಾಸದ ಮೊದಲ ಕಛೇರಿ ನಡೆದದ್ದು 2008ರ ಫೆಬ್ರುವರಿ 1ರಂದು, ಮುಂಬೈಯಲ್ಲಿ. ಅದಕ್ಕೂ ಹಿಂದಿನ ವರ್ಷ, 2007ರ ಮಾರ್ಚಿನಲ್ಲಿ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತ್ತು.

ಬಸ್ಸಿನ ದಿನಚರಿಯನ್ನು ನಿಜಕ್ಕೂ ನಿರ್ಧರಿಸುವವನು ಚಾಲಕ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಅವನು ದಿನಕ್ಕೆ 9 ಗಂಟೆಗಿಂತ ಹೆಚ್ಚು ಬಸ್ಸು ಓಡಿಸುವಂತಿಲ್ಲ. ವಾರಕ್ಕೆ ಎರಡು ಬಾರಿ ಮಾತ್ರ 10 ಗಂಟೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ಈ ಗಂಟೆಗಳನ್ನು ಬಸ್ಸಿನ ಯಂತ್ರವೇ ದಾಖಲಿಸುತ್ತದೆ, ಅಲ್ಲಿ ಸುಳ್ಳು ನಡೆಯುವುದಿಲ್ಲ. ಒಂದು ಊರಿನಿಂದ ಇನ್ನೊಂದಕ್ಕೆ ಎಷ್ಟು ದೂರವಿರಬೇಕು, ರಾತ್ರಿ ಎಷ್ಟು ಗಂಟೆಗೆ ಹೊರಡಬೇಕು ಎಂಬುದೆಲ್ಲ ಈ ಲೆಕ್ಕಕ್ಕೆ ಬದ್ಧ. ಉಳಿದವರೆಲ್ಲ ಬಸ್ಸಿನಲ್ಲಿ ಮಲಗಿದರೆ, ಚಾಲಕನಿಗೆ ಮಾತ್ರ ಹಗಲು ಹೊತ್ತು ಹೋಟೆಲಿನಲ್ಲಿ ಕೋಣೆ.

ಇಷ್ಟು ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಮೆಟಲ್ ಲೋಕ ಮರೆಯದ ಉತ್ತರಗಳಿವೆ. 1986ರ ಸೆಪ್ಟೆಂಬರ್ 27ರ ನಸುಕಿನಲ್ಲಿ, ಸ್ಟಾಕ್‌ಹೋಮಿನಲ್ಲಿ ನುಡಿಸಿ ಕೋಪನ್‌ಹೇಗನ್ ಕಡೆಗೆ ಹೊರಟಿದ್ದ ಮೆಟಾಲಿಕಾ ತಂಡದ ಬಸ್ಸು ದಕ್ಷಿಣ ಸ್ವೀಡನ್ನಿನ ಲ್ಯುಂಗ್‌ಬಿ ಬಳಿ ಮಗುಚಿತು. ಬಾಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ಅಲ್ಲೇ ಸತ್ತರು, ವಯಸ್ಸು 24. ಯಾವ ಬಂಕು ಯಾರಿಗೆ ಎಂದು ಇಸ್ಪೀಟೆಲೆ ಎಳೆದಾಗ ಸ್ಪೇಡ್ ಎಕ್ಕ ಬರ್ಟನ್ನರಿಗೆ ಬಂದು, ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಮಲಗುತ್ತಿದ್ದ ಜಾಗ ಅವರ ಪಾಲಾಗಿತ್ತು. 2007ರ ಅಕ್ಟೋಬರಿನಲ್ಲಿ ಪೋಲೆಂಡಿನ ಡೆಕ್ಯಾಪಿಟೇಟೆಡ್ ತಂಡದ ವಾಹನ ಬೆಲರೂಸಿನ ಗೋಮೆಲ್ ಹತ್ತಿರ ಲಾರಿಗೆ ಡಿಕ್ಕಿ ಹೊಡೆದು, ಡ್ರಮ್ಮರ್ ವಿಟೆಕ್ ಕೆಲವು ದಿನಗಳಲ್ಲಿ ತೀರಿಕೊಂಡರು. 2012ರಲ್ಲಿ ಇಂಗ್ಲೆಂಡಿನ ಬಾತ್ ನಗರದ ಬಳಿ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟು ಬ್ಯಾರೊನೆಸ್ ತಂಡದ ಬಸ್ಸು ಸೇತುವೆಯಿಂದ ಕೆಳಗೆ ಬಿತ್ತು. ಜೀವಗಳು ಉಳಿದವು, ಆದರೆ ಮುಂದೆ ತಂಡದ ಇಬ್ಬರು ಬಿಟ್ಟುಹೋದರು.

ಊರು ತಲುಪಿದ ಮೇಲೆ ಟೂರ್ ಮ್ಯಾನೇಜರ್ ಒಂದು ಹಾಳೆ ಅಂಟಿಸುತ್ತಾನೆ. ಸಾಮಾನು ಇಳಿಸುವುದು, ವಾದ್ಯಗಳ ಧ್ವನಿ ಹೊಂದಿಸಿ ನೋಡುವ ಸೌಂಡ್‌ಚೆಕ್, ಊಟ, ಬಾಗಿಲು ತೆರೆಯುವುದು, ಯಾವ ತಂಡ ಎಷ್ಟು ಹೊತ್ತಿಗೆ, ಬಸ್ಸು ಹೊರಡುವುದು ಯಾವಾಗ: ನಿಮಿಷ ಸಮೇತ ಅದರಲ್ಲಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸರಂಜಾಮು ಒಳಗೆ ಹೋಗುತ್ತದೆ. ಸ್ನಾನಕ್ಕೆ ಸಭಾಂಗಣದಲ್ಲಿ ಒಂದೇ ಕೋಣೆ, ಸರದಿ ಉದ್ದ, ಬಿಸಿನೀರು ದೇವರಿಚ್ಛೆ. ಒಗೆಯುವ ಯಂತ್ರ ಇರುವ ಸಭಾಂಗಣ ಸಿಕ್ಕಿತೆಂದರೆ ಅದು ಹಬ್ಬ, ಏಕೆಂದರೆ ಬೆವರಿನಲ್ಲಿ ತೊಯ್ದ ಕಪ್ಪು ಬಟ್ಟೆಗಳು ಮುಚ್ಚಿದ ಬಸ್ಸಿನಲ್ಲಿ ಏನು ಮಾಡಬಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಸೌಂಡ್‌ಚೆಕ್ ನಡೆಯುವುದು ಹಿಂದುಮುಂದಾಗಿ. ರಾತ್ರಿ ಕೊನೆಗೆ ನುಡಿಸುವ ಮುಖ್ಯ ತಂಡದ್ದು ಮೊದಲು, ಎಲ್ಲರಿಗಿಂತ ಮೊದಲು ನುಡಿಸುವ ಚಿಕ್ಕ ತಂಡದ್ದು ಕಟ್ಟಕಡೆಗೆ. ಮುಖ್ಯ ತಂಡದ ಡ್ರಮ್ಮುಗಳು ವೇದಿಕೆಯ ಹಿಂಭಾಗದಲ್ಲಿ ಕೂತ ಮೇಲೆ ಅದರ ಮುಂದೆ ಉಳಿದವರದು ಬರುತ್ತದೆ. ರಾತ್ರಿ ಮುಂದಿನದನ್ನು ಒಂದೊಂದಾಗಿ ತೆಗೆದರೆ ಸಾಕು. ವೇಳೆ ಜಾರಿದರೆ ಪೆಟ್ಟು ಬೀಳುವುದು ಚಿಕ್ಕ ತಂಡಕ್ಕೇ. ಎಷ್ಟೋ ಸಲ ಅವರಿಗೆ ಸೌಂಡ್‌ಚೆಕ್ ಸಿಗುವುದೇ ಇಲ್ಲ, ಕತ್ತಲಲ್ಲಿ ತಂತಿ ಸಿಕ್ಕಿಸಿ ನೇರ ಶುರು ಮಾಡಬೇಕು.

ಆಮೇಲಿನ ನಾಲ್ಕೈದು ಗಂಟೆ ಕಾಯುವುದೇ ಕೆಲಸ. ತಿರುಗಾಟದ ಕಷ್ಟ ಕೇಳಿದರೆ ಹಲವರು ಮೊದಲು ಹೇಳುವುದು ಈ ಬೇಸರವನ್ನೇ. ಮನೆಗೆ ಫೋನು, ಮೊಬೈಲಿನಲ್ಲಿ ಆಟ, ಕೊರಳಿಗೆ ಸುತ್ತಿದ ವಸ್ತ್ರದೊಂದಿಗೆ ಮಾತು ಬಿಟ್ಟು ಕುಳಿತ ಗಾಯಕ. ಮೆಟಲ್‌ನ ಗರ್ಜನೆ ಕಿರುಚಾಟವೆಂದು ಹೊರಗಿನವರಿಗೆ ತೋರಬಹುದು. ವಾರಕ್ಕೆ ಐದಾರು ರಾತ್ರಿ ಅದನ್ನು ಹೊರಡಿಸಲು ಉಸಿರಿನ ಕ್ರಮ ಬೇಕು, ನಿದ್ದೆ ಬೇಕು, ನೀರು ಬೇಕು. ಶೀತವಾದರೆ ಗಿಟಾರ್‌ನವನು ಹೇಗೋ ದಾಟಿಸುತ್ತಾನೆ, ಗಾಯಕನಿಗೆ ಆ ದಾರಿಯಿಲ್ಲ. ಬಸ್ಸಿನಲ್ಲಿ ಒಬ್ಬ ಸೀನಿದರೆ ವಾರದೊಳಗೆ ಎಲ್ಲರಿಗೂ ಹಂಚಿಕೆಯಾಗುತ್ತದೆ.

ಕಛೇರಿಯ ಒಂದು, ಒಂದೂವರೆ ಗಂಟೆಯಲ್ಲಿ ಹೆಚ್ಚು ದಣಿಯುವುದು ಕುತ್ತಿಗೆ. ತಲೆಯನ್ನು ತಾಳಕ್ಕೆ ಬೀಸುವ ಹೆಡ್‌ಬ್ಯಾಂಗಿಂಗ್ ಕುರಿತು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಅಧ್ಯಯನ ಪ್ರಕಟಿಸಿತು. ಇಂಥ ಹಾಡಿನ ಸರಾಸರಿ ವೇಗ ನಿಮಿಷಕ್ಕೆ 146 ಮಾತ್ರೆ; ಆ ವೇಗದಲ್ಲಿ ತಲೆ 75 ಡಿಗ್ರಿಗಿಂತ ಹೆಚ್ಚು ಬಾಗಿದರೆ ತಲೆಗೆ ಸಣ್ಣ ಪ್ರಮಾಣದ ಗಾಯದ ಸಂಭವವಿದೆ, ವೇಗ ಏರಿದರೆ ಕುತ್ತಿಗೆಗೂ ಅಪಾಯ ಎಂದು ಅದು ಲೆಕ್ಕ ಹಾಕಿತ್ತು. ಸ್ಲೇಯರ್ ತಂಡದ ಟಾಮ್ ಅರಾಯಾ 2010ರಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಮೇಲೆ ಅವರು ವೇದಿಕೆಯಲ್ಲಿ ತಲೆ ಬೀಸಲಿಲ್ಲ. ಎರಡೂ ಪಾದಗಳಿಂದ ಬಿಡುವಿಲ್ಲದೆ ಪೆಡಲ್ ತುಳಿಯುವ ಡ್ರಮ್ಮರನ ಪಾಡು ಓಟಗಾರನ ಪಾಡಿಗಿಂತ ಬೇರೆಯಲ್ಲ.

ಹಣದ ಮಾತು ಸಭಾಂಗಣದ ಮೂಲೆಯ ಮೇಜಿನಲ್ಲಿದೆ. ಸಣ್ಣ ಮತ್ತು ಮಧ್ಯಮ ತಂಡಗಳಿಗೆ ಕಛೇರಿಯ ಸಂಭಾವನೆ ಡೀಸೆಲ್ಲಿಗೂ ಸಿಬ್ಬಂದಿಯ ಸಂಬಳಕ್ಕೂ ಸರಿಹೋಗುತ್ತದೆ. ಕೈಯಲ್ಲಿ ಉಳಿಯುವುದು ಟೀ ಶರ್ಟ್, ಎಲ್‌ಪಿ ತಟ್ಟೆ ಮಾರಿದ ದುಡ್ಡು. ಅದರಲ್ಲೂ ಪಾಲು ಕೇಳುವ ಸಭಾಂಗಣಗಳಿದ್ದು, ತಂಡಗಳ ನಿರಂತರ ಮುನಿಸಿಗೆ ಇದೊಂದು ಕಾರಣ. ದೊಡ್ಡ ತಂಡದ ಜೊತೆ ಹೋಗಲು ಚಿಕ್ಕ ತಂಡವೇ ದುಡ್ಡು ಕಟ್ಟುವ ಪದ್ಧತಿಯೂ ಇದೆ. ಭಾರತದ ತಂಡಗಳಿಗೆ ಇದರ ಮೇಲೆ ವಿಮಾನದ ದರ, ಷೆಂಗೆನ್ ವೀಸಾ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ಸುಮಾರು ಎರಡು ಸಾವಿರ ಜನರ ಆ ಹಳ್ಳಿಗೆ ಉತ್ಸವದ ದಿನಗಳಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಇಂಥ ದೂರಕ್ಕೆ ಹೋಗುವವರು ಗಿಟಾರು, ಪೆಡಲುಗಳನ್ನಷ್ಟೇ ಒಯ್ಯುತ್ತಾರೆ. ಡ್ರಮ್ಮು, ಆಂಪ್ಲಿಫೈಯರ್ ಅಲ್ಲಿಯೇ ಬಾಡಿಗೆ.

ಕೊನೆಯ ಹಾಡು ಮುಗಿದು ದೀಪ ಹತ್ತಿದೊಡನೆ ವೇದಿಕೆ ಬಿಚ್ಚುವುದು ಶುರು. ಕಟ್ಟಲು ಅರ್ಧ ದಿನ ಹಿಡಿದದ್ದು ಒಂದೆರಡು ಗಂಟೆಯಲ್ಲಿ ಪೆಟ್ಟಿಗೆ ಸೇರುತ್ತದೆ. ಒಬ್ಬ ಉಳಿದ ಟೀ ಶರ್ಟುಗಳನ್ನು ಎಣಿಸುತ್ತಾನೆ, ಟೂರ್ ಮ್ಯಾನೇಜರ್ ಸಭಾಂಗಣದವರ ಜೊತೆ ಲೆಕ್ಕ ಚುಕ್ತಾ ಮಾಡುತ್ತಾನೆ, ವಾದ್ಯದವರು ಹಿಂಬಾಗಿಲಲ್ಲಿ ಕಾದವರಿಗೆ ಸಹಿ ಹಾಕುತ್ತಾರೆ. ಬಸ್ಸು ಹೊರಡುವ ಮುನ್ನ ತಲೆ ಎಣಿಕೆ ಆಗಲೇಬೇಕು. ಸಿಗರೇಟಿಗೆಂದು ಇಳಿದವನನ್ನು ಬಿಟ್ಟು ಬಸ್ಸು ನೂರು ಮೈಲಿ ಹೋದ ಕಥೆಗಳು ಈ ಲೋಕದಲ್ಲಿ ಸಾಕಷ್ಟಿವೆ. ಎಣಿಕೆ ಸರಿಯಾದ ಮೇಲೆ ಹಗಲೆಲ್ಲ ಹೋಟೆಲಿನಲ್ಲಿ ಮಲಗಿ ಎದ್ದ ಚಾಲಕ ಕಾಫಿ ಲೋಟ ಹಿಡಿದು ತನ್ನ ಸೀಟಿಗೆ ಬರುತ್ತಾನೆ. ಮೇಲಂತಸ್ತಿನಲ್ಲಿ ಪರದೆಗಳು ಒಂದೊಂದಾಗಿ ಮುಚ್ಚಿಕೊಳ್ಳುವಾಗ ಅವನ ದಿನ ಶುರುವಾಗುತ್ತದೆ.