ಫೇರಿಪೋರ್ಟ್‌ನ ನಾಲ್ಕನೇ ಬದಿ

1971ರಲ್ಲಿ ಫಿನ್ಲೆಂಡಿನ ವಿಗ್‌ವಾಮ್ ತಂಡ 'ಫೇರಿಪೋರ್ಟ್' ಎಂಬ ಜೋಡಿ ಎಲ್‌ಪಿಯನ್ನು ಹೊರತಂದಿತು. ಎರಡು ತಟ್ಟೆ, ನಾಲ್ಕು ಬದಿ. ಮೊದಲ ಮೂರರಲ್ಲಿ ಸ್ಟುಡಿಯೋದಲ್ಲಿ ಕೂತು ಕಟ್ಟಿದ ಹಾಡುಗಳಿವೆ. ನಾಲ್ಕನೆಯದರಲ್ಲಿ ಇರುವುದು ಒಂದೇ ವಾದನ: ಕೇಳುಗರ ಮುಂದೆ ನುಡಿಸಿದ, ಸುಮಾರು 17 ನಿಮಿಷದ 'ರೇವ್-ಅಪ್ ಫಾರ್ ದ ರೋಡೀಸ್'. ವಿಗ್‌ವಾಮ್ ಅನ್ನು ಮೆಚ್ಚುವವರಲ್ಲೂ ಕೆಲವರು ಮೂರು ಬದಿ ಕೇಳಿ ನಾಲ್ಕನೆಯದನ್ನು ಬಿಟ್ಟುಬಿಡುತ್ತಾರೆ. ಉಳಿದ ಜಾಗ ತುಂಬಲು ಹಾಕಿದ್ದು ಎಂಬುದು ಅವರ ಆಕ್ಷೇಪ. ನನಗೆ ಹಾಗನ್ನಿಸುವುದಿಲ್ಲ. ಆ ಮೂರು ಬದಿಗಳ ಸಂಗೀತ ಎಲ್ಲಿಂದ ಬಂತು ಎನ್ನುವುದಕ್ಕೆ ಸಾಕ್ಷಿ ಸಿಗುವುದೇ ಈ ನಾಲ್ಕನೆಯದರಲ್ಲಿ.

ವಿಗ್‌ವಾಮ್ ನುಡಿಸುತ್ತಿದ್ದ ಪ್ರೊಗ್ರೆಸಿವ್ ರಾಕ್ ಎಂದರೇನು ಎಂದು ಮೊದಲು ಹೇಳಿಬಿಡುವುದು ಒಳ್ಳೆಯದು. ಅರವತ್ತರ ದಶಕದ ಕೊನೆಯಲ್ಲಿ ಮುಖ್ಯವಾಗಿ ಇಂಗ್ಲೆಂಡಿನ ಕೆಲವು ರಾಕ್ ತಂಡಗಳು ಮೂರು ನಿಮಿಷದ ಹಾಡಿನ ಚೌಕಟ್ಟು ಸಾಲದೆಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೀರ್ಘ ರಚನೆ, ಜಾಝ್‌ನ ಸ್ವರಸಂಯೋಜನೆ, ಐದು ಏಳು ಎಣಿಕೆಯ ಲಯಗಳನ್ನು ತಮ್ಮ ಹಾಡುಗಳೊಳಗೆ ತಂದವು. ಆಗ 46 ಲಕ್ಷದಷ್ಟು ಜನರಿದ್ದ ಫಿನ್ಲೆಂಡಿಗೂ ಆ ಗಾಳಿ ಬೇಗ ಬೀಸಿತು. 1966ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ ಲವ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿ ಇಂಥ ಸಂಗೀತಕ್ಕೆ ಆಸರೆ ಕೊಟ್ಟಿತು. ಡ್ರಮ್ಸ್ ನುಡಿಸುತ್ತಿದ್ದ ರೋನಿ ಓಸ್ಟರ್‌ಬರ್ಗ್ 1968ರಲ್ಲಿ ವಿಗ್‌ವಾಮ್ ಕಟ್ಟಿದ. ಮರುವರ್ಷ ಆರ್ಗನ್ ವಾದಕ ಯುಕ್ಕಾ ಗುಸ್ತಾವ್ಸನ್, ಲಂಡನ್ನಿನಿಂದ ಬಂದು ಫಿನ್ಲೆಂಡಿನಲ್ಲಿ ನೆಲೆಸಿದ್ದ ಗಾಯಕ ಜಿಮ್ ಪೆಂಬ್ರೋಕ್ ಸೇರಿಕೊಂಡರು. 1970ರಲ್ಲಿ ಬಾಸ್ ಗಿಟಾರ್ ಹಿಡಿದು ಬಂದ ಪೆಕ್ಕಾ ಪೊಹ್ಯೋಲನಿಗೆ ಆಗ ಹದಿನೆಂಟೇ ವರ್ಷ. ಗುಸ್ತಾವ್ಸನ್‌ನದು ತಿರುವುಮುರುವಿನ ಗಂಭೀರ ರಚನೆ, ಪೆಂಬ್ರೋಕ್‌ನದು ನೇರವಾಗಿ ಮನಸ್ಸಿಗಿಳಿಯುವ ಹಾಡು. ಇಬ್ಬರೂ ಬರೆದರು, ಇಬ್ಬರೂ ಹಾಡಿದರು.

ಈ ನಾಲ್ವರಲ್ಲಿ ಗಿಟಾರ್ ವಾದಕನಿಲ್ಲ. ರಾಕ್ ತಂಡವೊಂದರ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಹಿಂದೆ ಇದ್ದ ಗಿಟಾರ್ ವಾದಕ ತಂಡ ಬಿಟ್ಟಿದ್ದ. 'ಫೇರಿಪೋರ್ಟ್' ಹೊತ್ತಿಗೆ ಆ ಜಾಗ ಖಾಲಿ. ಸ್ಟುಡಿಯೋದಲ್ಲಿ ಅದನ್ನು ಮರೆಮಾಚುವುದು ಕಷ್ಟವಲ್ಲ. ಅಲ್ಲಿ ಒಬ್ಬನೇ ವಾದಕ ಮೊದಲು ಆರ್ಗನ್, ಆಮೇಲೆ ಪಿಯಾನೋ ನುಡಿಸಿ ಒಂದರ ಮೇಲೊಂದು ಕೂಡಿಸಬಹುದು. ವೇದಿಕೆಯ ಮೇಲೆ ಆ ಅನುಕೂಲವಿಲ್ಲ. ಗಿಟಾರ್ ತುಂಬಬೇಕಿದ್ದ ಜಾಗಕ್ಕೆ ಆರ್ಗನ್ ನುಗ್ಗಬೇಕು, ಬಾಸ್ ತಳಪಾಯ ಹಾಕುವುದರ ಜೊತೆಗೆ ರಾಗವನ್ನೂ ಹೊರಬೇಕು. ಪೊಹ್ಯೋಲನ ಬಾಸ್ ಮುಂದೆ ಅವನ ಸ್ವಂತ ಆಲ್ಬಮ್‌ಗಳಲ್ಲಿ ಮುಖ್ಯ ದನಿಯಾಗಿಯೇ ಬೆಳೆಯಿತು. ಆ ಅಭ್ಯಾಸ ಎಲ್ಲಿ ಕುದುರಿತು ಎಂದು ಕೇಳಿದರೆ ನಾನು ತೋರಿಸುವುದು ಇಂಥ ರಾತ್ರಿಗಳನ್ನು. ನಾಲ್ಕನೇ ಬದಿಯಲ್ಲಿ ಅತಿಥಿಯಾಗಿ ಗಿಟಾರ್ ಹಿಡಿದವನು ತಸವಲ್ಲನ್ ಪ್ರೆಸಿಡೆಂತ್ತಿ ತಂಡದ ಯುಕ್ಕಾ ತೊಲೊನೆನ್. ಇನ್ನೂ ಇಪ್ಪತ್ತು ತುಂಬದ ಈ ಹುಡುಗ ಬೇರೆ ತಂಡದವನು. ಹಾಗಿದ್ದೂ ಈ ಐವರು ಹದಿನೇಳು ನಿಮಿಷ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಸಾಗುತ್ತಾರೆ. ನಮ್ಮ ಸಂಗೀತಗಾರರು ಮನೋಧರ್ಮ ಎನ್ನುವ ಗುಣ ಇಲ್ಲಿ ಬ್ಲೂಸ್ ಮತ್ತು ಜಾಝ್‌ನ ದಾರಿಯಲ್ಲಿ ಬಂದಿದೆ. ಬರೆದಿಟ್ಟ ಜಟಿಲ ರಚನೆಯನ್ನು ನುಡಿಸುವ ಧೈರ್ಯ ಇವರಿಗೆ ಬಂದದ್ದು ಬರೆಯದೆ ನುಡಿಸುವ ಈ ಸಲುಗೆಯಿಂದ ಎಂಬುದೇ ನನ್ನ ತೀರ್ಮಾನ.

ಧ್ವನಿಯ ಗುಣಮಟ್ಟದ ಬಗ್ಗೆ ಎತ್ತುವ ಆಕ್ಷೇಪ ಹೆಚ್ಚು ತೂಕದ್ದು. ಮೂರು ಬದಿಗಳ ಸ್ವಚ್ಛತೆ ನಾಲ್ಕನೆಯದರಲ್ಲಿಲ್ಲ, ನಿಜ. ಆದರೆ ಆ ಒರಟು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಹ್ಯಾಮಂಡ್ ಆರ್ಗನ್‌ನ ಜೊತೆಗೆ ವಾದಕರು ಸಾಮಾನ್ಯವಾಗಿ ಬಳಸುವುದು ಲೆಸ್ಲಿ ಎಂಬ ಸ್ಪೀಕರ್. ಬೀರುವಿನಂಥ ಮರದ ಪೆಟ್ಟಿಗೆಯ ಒಳಗೆ ಕೊಂಬಿನಾಕಾರದ ಕೊಳವೆಯೊಂದು ಮೋಟಾರಿನ ಬಲದಿಂದ ಸುತ್ತುತ್ತಿರುತ್ತದೆ. ಕೊಳವೆಯ ಬಾಯಿ ನಮ್ಮತ್ತ ಬಂದಾಗ ಶ್ರುತಿ ಕೂದಲೆಳೆಯಷ್ಟು ಏರುತ್ತದೆ, ಅತ್ತ ಸರಿದಾಗ ಇಳಿಯುತ್ತದೆ. ಆರ್ಗನ್‌ನ ಆ ನಡುಕ ಹುಟ್ಟುವುದು ಹೀಗೆ. ಸದ್ದು ಸುತ್ತಲೂ ಹರಡುವುದರಿಂದ ಅದು ಕೋಣೆಯ ಗೋಡೆಗಳಿಗೆ ಬಡಿದು ಮರಳುತ್ತದೆ. ಪಕ್ಕದ ಡ್ರಮ್ಸ್‌ನ ಮೈಕಿಗೂ ನುಗ್ಗುತ್ತದೆ, ಡ್ರಮ್ಸ್ ಸದ್ದು ಆರ್ಗನ್ ಮೈಕಿಗೆ ಬೀಳುತ್ತದೆ. ಎಂಜಿನಿಯರ್‌ಗೆ ಇದು ತಲೆನೋವು: ಒಂದನ್ನು ತಗ್ಗಿಸಿದರೆ ಇನ್ನೊಂದೂ ತಗ್ಗುತ್ತದೆ. ಕೇಳುಗನಿಗೆ ಮಾತ್ರ ಅದೇ ಕಲಸುಮೇಲೋಗರದಿಂದ ಆ ಕೋಣೆಯ ಅಳತೆ, ವಾದ್ಯಗಳ ನಡುವಿನ ದೂರ ತಿಳಿಯುತ್ತದೆ. ಹ್ಯಾಮಂಡ್‌ನ ದೊಡ್ಡ ಮಾದರಿಗಳು ನೂರೈವತ್ತು ಕಿಲೋ ದಾಟುತ್ತವೆ. ಇಂಥವನ್ನು ಊರಿಂದೂರಿಗೆ ಹೊತ್ತು ತಿರುಗುವ ಕೆಲಸಗಾರರೇ ರೋಡೀಗಳು. ಈ ವಾದನಕ್ಕೆ ಅವರ ಹೆಸರಿಟ್ಟದ್ದು ನನಗೆ ಬಹಳ ಹಿಡಿಸುತ್ತದೆ.

ಲೈವ್ ರೆಕಾರ್ಡಿಂಗ್ ಎಂದು ಮಾರುವುದೆಲ್ಲ ನಿಜವಾಗಿ ಲೈವ್ ಅಲ್ಲವಲ್ಲ ಎಂದೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಐರ್ಲೆಂಡಿನ ಥಿನ್ ಲಿಝಿ ತಂಡದ 1978ರ 'ಲೈವ್ ಅಂಡ್ ಡೇಂಜರಸ್'ನ ಬಹುಪಾಲನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಲಾಯಿತೆಂದು ಅದರ ನಿರ್ಮಾಪಕ ಟೋನಿ ವಿಸ್ಕೊಂಟಿ ಹೇಳಿದ್ದಾನೆ. ತಂಡದವರು ಅದನ್ನು ಒಪ್ಪಿಲ್ಲ. ಆದರೆ ಇಂಥ ತಿದ್ದುಪಡಿ ಮಾಡುವುದು ಜನಪ್ರಿಯ ಹಾಡನ್ನು ಅಭಿಮಾನಿಗಳಿಗೆ ಲೋಪವಿಲ್ಲದೆ ಒಪ್ಪಿಸಲು. ಯಾರೂ ಮೊದಲು ಕೇಳಿರದ, ಹಾಡೇ ಅಲ್ಲದ ದೀರ್ಘ ವಾದನವನ್ನು ಹಾಗೆ ತಿದ್ದಿ ಗಳಿಸುವುದೇನೂ ಇಲ್ಲ.

ಇನ್ನೊಂದು ಸಾಕ್ಷ್ಯ ಮೂರು ವರ್ಷ ಮುಂದಿನದು. 1974ರಲ್ಲಿ ಇದೇ ನಾಲ್ವರು 'ಬೀಯಿಂಗ್' ಹೊರತಂದರು. ಅವರ ಸ್ಟುಡಿಯೋ ಕೆಲಸಗಳಲ್ಲೇ ಅತ್ಯಂತ ಜಟಿಲವಾದದ್ದು ಅದು. ಅದೇ ವರ್ಷ ಗುಸ್ತಾವ್ಸನ್, ಪೊಹ್ಯೋಲ ಇಬ್ಬರೂ ಹೊರನಡೆದರು. ಅವರು ಹೋದ ಮೇಲೆ, 1975ರಲ್ಲಿ, ಹಳೆಯ ನಾಲ್ವರ ವೇದಿಕೆಯ ವಾದನ 'ಲೈವ್ ಮ್ಯೂಸಿಕ್ ಫ್ರಮ್ ದ ಟ್ವೈಲೈಟ್ ಝೋನ್' ಎಂಬ ಜೋಡಿ ಎಲ್‌ಪಿಯಾಗಿ ಬಂತು. 'ಬೀಯಿಂಗ್' ಮಾತ್ರ ಕೇಳಿದವರು ಇವರನ್ನು ಬರೀ ಲೆಕ್ಕಾಚಾರದ ಸಂಗೀತಗಾರರೆಂದು ತಿಳಿದರೆ ಆಶ್ಚರ್ಯವಿಲ್ಲ. ಟ್ವೈಲೈಟ್ ಝೋನ್‌ನಲ್ಲಿ ಅವರು ಬೀಟಲ್ಸ್‌ನ 'ಲೆಟ್ ಇಟ್ ಬಿ'ಯನ್ನೂ ನುಡಿಸುತ್ತಾರೆ, ದ ಬ್ಯಾಂಡ್ ತಂಡದ 'ದ ಮೂನ್ ಸ್ಟ್ರಕ್ ಒನ್' ಅನ್ನೂ ನುಡಿಸುತ್ತಾರೆ. 1971ರಲ್ಲಿ ಕಂಡ ಸಲುಗೆ ಆ ನಾಲ್ವರ ತಂಡ ಒಡೆಯುವ ಹೊತ್ತಿಗೂ ಇಂಗಿರಲಿಲ್ಲ. ಆಮೇಲೆ ರೆಕ್ಕು ರೆಚಾರ್ಟ್ ಗಿಟಾರ್ ಹಿಡಿದು ಬಂದ, ವಿಗ್‌ವಾಮ್ ಹಾಡಿನತ್ತ ವಾಲಿತು. 1975ರ 'ನ್ಯೂಕ್ಲಿಯರ್ ನೈಟ್‌ಕ್ಲಬ್' ಅನ್ನು ವರ್ಜಿನ್ ಕಂಪನಿ ಇಂಗ್ಲೆಂಡಿನಲ್ಲೂ ಬಿಡುಗಡೆ ಮಾಡಿತು. ಅದು ಒಳ್ಳೆಯ ಆಲ್ಬಮ್. ಆದರೆ ಅದು ಬೇರೆಯೇ ತಂಡದ ಕೆಲಸ.

ಲವ್ ರೆಕಾರ್ಡ್ಸ್ 1979ರಲ್ಲಿ ದಿವಾಳಿಯಾಯಿತು. ಓಸ್ಟರ್‌ಬರ್ಗ್ 1980ರಲ್ಲಿ, ಪೊಹ್ಯೋಲ 2008ರಲ್ಲಿ, ಪೆಂಬ್ರೋಕ್ 2021ರಲ್ಲಿ ತೀರಿಕೊಂಡರು. ಆ ನಾಲ್ವರು ಎದುರುಬದುರು ನಿಂತು ನುಡಿಸುತ್ತಿದ್ದದ್ದು ಹೇಗೆ ಎಂದು ತಿಳಿಯಬೇಕಾದವರಿಗೆ ಇನ್ನು ಇಂಥ ಟೇಪುಗಳೇ ಗತಿ. 'ಫೇರಿಪೋರ್ಟ್' ನಿಮ್ಮ ಕೈಗೆ ಸಿಕ್ಕರೆ ಮೊದಲು ನಾಲ್ಕನೇ ಬದಿ ಕೇಳಿ, ಆಮೇಲೆ ಉಳಿದ ಮೂರನ್ನು ಹಾಕಿ.