ಬೇಸ್ ಗಿಟಾರಿನಲ್ಲಿ ಒಂದೇ ಸ್ವರ ಬೇಗ ಅಡಗಿದರೆ ಫ್ರೆಟ್ ಬದಲಿಸಬೇಕೇ?

ಶೆಟ್ಟಿಹಳ್ಳಿಯ ಓದುಗರೊಬ್ಬರು ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ಕೊಂಡಿದ್ದಾರೆ. ಜಿ ತಂತಿಯ 5ನೇ ಫ್ರೆಟ್‌ನಲ್ಲಿ ಮಾತ್ರ ನಾದ ಥಟ್ಟನೆ ಅಡಗುತ್ತದೆ. ‘ಫ್ರೆಟ್ ಸವೆದಿದೆ, ಎಲ್ಲವನ್ನೂ ಬದಲಿಸಿ’ ಎಂದು ಪರಿಚಿತರು ಹೇಳಿದರಂತೆ. ಇದು ನಿಜವೇ?

ನಿಜವಾಗಲೇಬೇಕೆಂದಿಲ್ಲ. ಇದು ‘ಡೆಡ್ ಸ್ಪಾಟ್’ ಇರಬಹುದು. ಆ ಸ್ವರ ಸೆಕೆಂಡಿಗೆ ಸುಮಾರು 131 ಸಲ ಕಂಪಿಸುತ್ತದೆ. ಗಿಟಾರಿನ ನೆಕ್, ಅಂದರೆ ಫ್ರೆಟ್‌ಗಳಿರುವ ಉದ್ದನೆಯ ಭಾಗ, ಸಹಜವಾಗಿ ಅದೇ ವೇಗದಲ್ಲಿ ಕಂಪಿಸುವಂತಿದ್ದರೆ ತಂತಿಯ ಶಕ್ತಿಯನ್ನು ತಾನೇ ಹೀರಿಕೊಳ್ಳುತ್ತದೆ. ಲಯಕ್ಕೆ ಸರಿಯಾಗಿ ತಳ್ಳಿದರೆ ಉಯ್ಯಾಲೆ ಜೋರಾಗಿ ತೂಗುವುದಿಲ್ಲವೇ, ಹಾಗೆ.

ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

1. ಹೆಡ್‌ಫೋನ್ ಹಾಕಿ ಕೇಳಿ. ದೋಷ ಮಾಯವಾದರೆ ಅದು ಕೋಣೆಯದು.

2. ತಂತಿಯನ್ನು ಅರ್ಧ ಸ್ವರ ಇಳಿಸಿ. ದೋಷ 6ನೇ ಫ್ರೆಟ್‌ಗೆ ಸರಿದರೆ ಕಾರಣ ನೆಕ್. 5ರಲ್ಲೇ ಉಳಿದರೆ ಫ್ರೆಟ್ ಅನ್ನು ಅನುಮಾನಿಸಿ.

3. ನೆಕ್‌ನ ತುದಿಗೆ, ಟ್ಯೂನಿಂಗ್ ಕಿವಿಗಳಿರುವ ಕಡೆ, ಭಾರದ ಕ್ಲಾಂಪ್ ಹಾಕಿ. ದೋಷ ಜಾಗ ಬದಲಿಸಿದರೆ ಡೆಡ್ ಸ್ಪಾಟ್ ಖಚಿತ.

ಹಾಗಿದ್ದರೆ ಫ್ರೆಟ್ ಬದಲಿಸಿ ಪ್ರಯೋಜನವಿಲ್ಲ. ಅದೇ ಸ್ವರವನ್ನು ಡಿ ತಂತಿಯ 10ನೇ ಫ್ರೆಟ್‌ನಲ್ಲಿ ನುಡಿಸಬಹುದು. ಹಳೆಯ ಬೇಸ್ ಕೊಳ್ಳುವ ಗೆಳೆಯರಿಗೆ ಇದನ್ನು ಕಳಿಸಿ. ದುಡ್ಡು ಕೊಡುವ ಮೊದಲು ಒಂದೊಂದೇ ಫ್ರೆಟ್ ನುಡಿಸಿ ನೋಡಲಿ.